ಕಸ ಮುಸುರೆಯಿಂದ ಹೌಸ್‌ಕೀಪಿಂಗ್‌ವರೆಗೆ: ಬೆಂಗಳೂರಿನ ಮನೆಗೆಲಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜಯನಗರದ ಮನೆಗಳಲ್ಲಿ ಏಳು ವರ್ಷ ಕಸ ಮುಸುರೆ ಮಾಡಿದೆ. ಆಮೇಲೆ ಒಂದು ಆಸ್ಪತ್ರೆಯ ಹೌಸ್‌ಕೀಪಿಂಗ್‌ಗೆ ಸೇರಿ ಸೂಪರ್‌ವೈಸರ್ ಆದೆ. ಈಗ ಭಾನುವಾರ ಮಧ್ಯಾಹ್ನ, ಹೊಸದಾಗಿ ಈ ಕೆಲಸಕ್ಕೆ ಬರುವ ಹೆಂಗಸರಿಗೆ ಕೆಲಸ ಹೇಳಿಕೊಡುತ್ತೇನೆ. ಅವರೂ ಪ್ರಶ್ನೆ ಕೇಳುತ್ತಾರೆ, ಅವರನ್ನು ಕೆಲಸಕ್ಕೆ ಇಟ್ಟುಕೊಂಡ ಮನೆಯವರೂ ಕೇಳುತ್ತಾರೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಅದಕ್ಕೇ ಬರೆದಿಟ್ಟೆ. ಪ್ರಶ್ನೆಗಳು ಆದಷ್ಟೂ ಕೇಳಿದವರ ಮಾತಿನಲ್ಲೇ ಇವೆ.

## ಮೊದಲ ಪ್ರಶ್ನೆಗಳು

ಹೌಸ್‌ಕೀಪಿಂಗ್ ಅಂದ್ರೆ ಮನೆಗೆಲಸ ತಾನೇ? ಹೆಸರು ಮಾತ್ರ ಇಂಗ್ಲಿಷಾ?

ಕೈಕೆಲಸ ಹೆಚ್ಚುಕಮ್ಮಿ ಒಂದೇ. ಗುಡಿಸೋದು, ಒರೆಸೋದು, ಉಜ್ಜೋದು, ಸರಿಯಾಗಿ ಜೋಡಿಸಿಡೋದು. ಬೇರೆಯಾಗೋದು ಲೆಕ್ಕದಲ್ಲಿ. ಹೋಟೆಲ್, ಆಸ್ಪತ್ರೆ, ಟೆಕ್ ಪಾರ್ಕ್‌ಗಳಲ್ಲಿ ಯಾವ ಕೆಲಸ, ಎಷ್ಟು ಹೊತ್ತಿಗೆ, ಯಾವ ಬಟ್ಟೆಯಲ್ಲಿ, ಯಾವ ದ್ರಾವಣದಲ್ಲಿ ಅಂತ ಬರೆದಿಟ್ಟಿರುತ್ತಾರೆ. ಬಾತ್‌ರೂಮ್ ಬಾಗಿಲ ಹಿಂದೆ ಒಂದು ಚಾರ್ಟ್ ನೇತು ಹಾಕಿರುತ್ತಾರೆ ನೋಡಿ, ಅದರಲ್ಲಿ ಗಂಟೆಗೊಂದು ಸಹಿ. ಮನೆಗಳಲ್ಲಿ ಅದೇ ಕೆಲಸ ಬಾಯಿಮಾತಿನಲ್ಲಿ ನಡೆಯುತ್ತದೆ. "ಸ್ವಲ್ಪ ಅದನ್ನೂ ನೋಡ್ಕೊಂಬಿಡು" ಅನ್ನುವ ಒಂದು ಮಾತಿನಲ್ಲಿ ಅರ್ಧ ಗಂಟೆ ಕೆಲಸ ಸೇರಿಕೊಳ್ಳುತ್ತದೆ. ಎರಡೂ ಕಡೆ ದುಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟೇ: ಮನೆಗೆಲಸಕ್ಕೂ ಆ ಚಾರ್ಟ್ ಬೇಕು. ಕಾಗದದಲ್ಲಿ ಇಲ್ಲದಿದ್ದರೂ ಮಾತಿನಲ್ಲಾದರೂ ಇರಬೇಕು.

ನಮ್ಮನೆಗೆ ಬರೋವ್ರನ್ನ ಏನಂತ ಕರೀಬೇಕು? "ಕೆಲಸದವಳು" ಅಂದ್ರೆ ತಪ್ಪಾ?

ಹೆಸರು ಹಿಡಿದು ಕರೆಯಿರಿ. ವಯಸ್ಸಿನಲ್ಲಿ ದೊಡ್ಡವರಾದರೆ ಹೆಸರಿನ ಜೊತೆ ಅಕ್ಕ, ಅಮ್ಮ ಸೇರಿಸಿ. ಮಕ್ಕಳ ಬಾಯಲ್ಲಿ "ಬಾರೆ, ಹೋಗೆ" ಬಂದರೆ ಆ ಕ್ಷಣವೇ ತಿದ್ದಿ. ಐದು ವರ್ಷದ ಮಗು ಐವತ್ತು ವರ್ಷದ ಹೆಂಗಸನ್ನು ಏಕವಚನದಲ್ಲಿ ಕರೆಯೋದು ಮನೆಯಲ್ಲಿ ಕೇಳಿ ಕಲಿತದ್ದೇ ಅಲ್ವಾ?

ಬಂದು ಒಂದೂವರೆ ಗಂಟೆಯಲ್ಲಿ ಹೋಗ್ತಾರೆ. ಅಷ್ಟಕ್ಕೆ ಅಷ್ಟೊಂದು ದುಡ್ಡಾ?

ಆ ಒಂದೂವರೆ ಗಂಟೆಯನ್ನು ಒಂದು ಸಲ ಹತ್ತಿರ ನಿಂತು ನೋಡಿ. ನಾಲ್ಕು ಜನರ ಮನೆ, ಸೋಮವಾರ ಬೆಳಿಗ್ಗೆ. ಒಂದು ಸಲ ನಾನು ಸಿಂಕಿನಲ್ಲಿದ್ದದ್ದನ್ನು ಎಣಿಸಿದ್ದೆ: ಚಮಚ ಬಿಟ್ಟು 63 ಪಾತ್ರೆ. ಅದರಲ್ಲಿ ಇಡ್ಲಿ ತಟ್ಟೆ ನಾಲ್ಕು. ರಾತ್ರಿಯೇ ನೀರು ಹಾಕಿ ನೆನೆಸಿಟ್ಟಿದ್ದರೆ ಇಡ್ಲಿ ತಟ್ಟೆ ಎರಡು ನಿಮಿಷದ ಕೆಲಸ. ಇಲ್ಲದಿದ್ದರೆ ಒಣಗಿದ ಹಿಟ್ಟು ತೂತು ತೂತಿಗೂ ಕಚ್ಚಿಕೊಂಡಿರುತ್ತದೆ, ಒಂದೊಂದನ್ನೂ ಉಗುರಿನಲ್ಲಿ ಕೆರೆಯಬೇಕು. ಕುಕ್ಕರ್ ಮುಚ್ಚಳದ ಗ್ಯಾಸ್ಕೆಟ್ ತೆಗೆದು ತೊಳೆಯಬೇಕು, ವಿಷಲ್ಲಿನ ತೂತಿನಲ್ಲಿ ಬೇಳೆ ಸಿಕ್ಕಿಕೊಂಡಿದೆಯಾ ಅಂತ ಬೆಳಕಿಗೆ ಹಿಡಿದು ನೋಡಬೇಕು. ಆಮೇಲೆ ಗುಡಿಸಿ, ಸೋಫಾ ಎಳೆದು, ಎರಡು ಬಕೆಟ್ ನೀರಿನಲ್ಲಿ ಒರೆಸಬೇಕು. ಇದೆಲ್ಲ ಮುಗಿಸಿ ಮುಂದಿನ ಮನೆಯ ಬೆಲ್ ಒತ್ತುವ ಹೊತ್ತಿಗೆ ಐದು ನಿಮಿಷ ತಡವಾಗಿರುತ್ತದೆ.

ಎರಡು ಮನೆಗಳ ನಡುವಿನ ನಡಿಗೆಗೆ ಯಾರೂ ಸಂಬಳ ಕೊಡೋದಿಲ್ಲ. ನಿಮ್ಮ ಮನೆಯ ಒಂದೂವರೆ ಗಂಟೆ ಅವರಿಗೆ ಎರಡು ಗಂಟೆ ಅಂತಲೇ ಲೆಕ್ಕ ಹಾಕಿ.

## ಸಂಬಳ, ರಜೆ, ಮಾತುಕತೆ

ಕೆಲಸಕ್ಕೆ ಸೇರಿಸ್ಕೊಳ್ಳುವಾಗ ಏನೇನು ಮಾತಾಡ್ಕೋಬೇಕು?

ಸಂಬಳ ಆಮೇಲೆ, ಕೆಲಸ ಮೊದಲು. ಪಾತ್ರೆ ಒಂದು ಹೊತ್ತಾ, ಎರಡು ಹೊತ್ತಾ? ಬಾಲ್ಕನಿ ದಿನಾ ಒರೆಸಬೇಕಾ, ವಾರಕ್ಕೊಮ್ಮೆಯಾ? ಬಾತ್‌ರೂಮ್ ಎಷ್ಟಿವೆ? ಮಷಿನ್ ಬಟ್ಟೆ ಹರವೋದು, ಮಡಚೋದು ಸೇರಿದೆಯಾ? ಮನೆಯಲ್ಲಿ ನಾಯಿ ಇದೆಯಾ? ಅತ್ತೆ ಮಾವ ಊರಿಂದ ಬಂದು ಎರಡು ತಿಂಗಳು ಇದ್ದರೆ ಜಾಸ್ತಿ ಎಷ್ಟು? ಗೌರಿ ಗಣೇಶ, ದಸರೆಗೆ ಮುಂಚೆ ಇಡೀ ಮನೆ ಧೂಳು ಹೊಡೆಯೋದಕ್ಕೆ ಬೇರೆ ದುಡ್ಡಾ? ಇಷ್ಟನ್ನೂ ಮೊದಲ ದಿನವೇ ಕೇಳಿ, ಹೇಳಿ. ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ. ಅವರಿಗೆ ಓದಲು ಬರದಿದ್ದರೆ ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್ ಕಳಿಸಿ, ಅದೂ ದಾಖಲೆಯೇ.

ರಜೆಯನ್ನೂ ಅವತ್ತೇ ಮಾತಾಡಿ. ವಾರಕ್ಕೊಂದು ರಜೆ ಕೊಡಬೇಕು ಅನ್ನೋದು ನನ್ನ ಖಚಿತ ಮಾತು. ತಿಂಗಳಿಗೆ ಎರಡು ಅಂತ ಚೌಕಾಸಿ ಮಾಡುವ ಮನೆಯವರಿಗೇ ಶನಿವಾರ, ಭಾನುವಾರ ಎರಡೂ ರಜೆ ಇರುತ್ತದೆ.

ಸರ್ಕಾರ ಏನಾದ್ರೂ ಸಂಬಳ ಗೊತ್ತು ಮಾಡಿದ್ಯಾ?

ಮಾಡಿದೆ. ಮನೆಗೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಸೇರಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2004ರಲ್ಲೇ ಅದಕ್ಕೆ ಆದೇಶ ಬಂತು. ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬದಲಾಗುತ್ತದೆ, ಹಾಗಾಗಿ ಈ ವರ್ಷದ ದರವನ್ನು ಕಾರ್ಮಿಕ ಇಲಾಖೆಯಲ್ಲೇ ಕೇಳಿ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋದರೆ ಹೇಳುತ್ತಾರೆ. ಒಂದು ಮಾತು ನೆನಪಿರಲಿ. ಕನಿಷ್ಠ ವೇತನ ಅಂದರೆ ಅದಕ್ಕಿಂತ ಕೆಳಗೆ ಇಳಿಯಬಾರದು ಅಂತ. "ಸರ್ಕಾರವೇ ಇಷ್ಟು ಅಂದಿದೆ" ಅಂತ ತೋರಿಸಿ ಇರುವ ಸಂಬಳ ಇಳಿಸುವಂತಿಲ್ಲ.

ಬಸ್ ಫ್ರೀ ಆಯ್ತಲ್ಲ, ಬಸ್ ಚಾರ್ಜಿಗೆ ಅಂತ ಕೊಡ್ತಿದ್ದ ದುಡ್ಡು ನಿಲ್ಲಿಸಬಹುದಾ?

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಎಷ್ಟೋ ಮನೆಯವರು ಇದನ್ನು ಕೇಳಿದರು. ನಿಲ್ಲಿಸಬೇಡಿ. ಆ ಅನುಕೂಲ ಆಕೆಗೆ ಬಂದದ್ದು, ನಿಮಗಲ್ಲ. ಆ ದುಡ್ಡು ಈಗ ಮಗಳ ಟ್ಯೂಷನ್ನಿಗೋ ಚೀಟಿಗೋ ಹೋಗುತ್ತಿರುತ್ತದೆ.

ನಾವು ಇಪ್ಪತ್ತು ದಿನ ಊರಿಗೆ ಹೋಗ್ತೀವಿ. ಆ ದಿನಗಳ ಸಂಬಳ ಕೊಡ್ಬೇಕಾ?

ಕೊಡಬೇಕು. ಬಾಗಿಲು ಹಾಕಿಕೊಂಡು ಹೋದವರು ನೀವು.

ಸಂಬಳ ಫೋನ್‌ನಲ್ಲೇ ಹಾಕ್ಬಿಡ್ತೀನಿ. ಅದ್ರಲ್ಲೇನು ತೊಂದ್ರೆ?

ಒಳ್ಳೆಯದೇ, ಲೆಕ್ಕ ಉಳಿಯುತ್ತದೆ. ಆದರೆ ಆ ನಂಬರ್ ಯಾರದ್ದು ಅಂತ ಒಂದು ಸಲ ಕೇಳಿ. ನನ್ನ ಬಳಿ ಕಲಿಯಲು ಬರುವ ಹೆಂಗಸರಲ್ಲಿ ಸುಮಾರು ಜನ ಕೊಟ್ಟಿರೋದು ಗಂಡನ ನಂಬರ್ ಅಥವಾ ಮಗನ ನಂಬರ್. ಸಂಬಳ ಬಂದದ್ದು ಆಕೆಗೆ ಗೊತ್ತಾಗೋದೇ ಮೂರು ದಿನ ಆದ ಮೇಲೆ, ಅಷ್ಟರಲ್ಲಿ ಅರ್ಧ ಖಾಲಿ. "ನಿಮ್ಮದೇ ಅಕೌಂಟಿಗೆ ಹಾಕಲಾ, ಕೈಗೇ ಕೊಡಲಾ?" ಅಂತ ಆಕೆ ಒಬ್ಬರೇ ಇರುವಾಗ ಕೇಳಿ. ಗಂಡನ ಎದುರಿಗೆ ಕೇಳಿದರೆ ಇನ್ನೊಂದು ಉತ್ತರ ಬರುತ್ತದೆ.

ಅಕ್ಕ, ಮನೆಯವರು ಟಾಯ್ಲೆಟ್ ಬಳಸೋಕೆ ಬಿಡಲ್ಲ. ಏನ್ ಮಾಡ್ಲಿ?

ಈ ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳೋದಿಲ್ಲ. ಎಲ್ಲರೂ ಹೋದ ಮೇಲೆ ಉಳಿದುಕೊಂಡು, ಸೆರಗು ತಿರುವುತ್ತಾ ಕೇಳುತ್ತಾರೆ.

ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವರು ಮಧ್ಯಾಹ್ನ ಎರಡಕ್ಕೆ ವಾಪಸ್ಸು. ನಡುವೆ ನಾಲ್ಕು ಮನೆ, ಆರು ಬಾತ್‌ರೂಮ್ ತೊಳೆದಿರುತ್ತಾರೆ. ಒಂದನ್ನೂ ಬಳಸುವಂತಿಲ್ಲ. ಅದಕ್ಕೇ ಬೆಳಿಗ್ಗೆಯಿಂದ ನೀರು ಕುಡಿಯೋದಿಲ್ಲ. ನೀರು ಕುಡಿಯದೆ, ಬಂದದ್ದನ್ನು ತಡೆದುಕೊಂಡು ಇದ್ದರೆ ಉರಿಮೂತ್ರ, ಸೋಂಕು ಬರುತ್ತದೆ. ಮುಟ್ಟಿನ ದಿನಗಳಲ್ಲಿ ಒಂದೇ ಪ್ಯಾಡಿನಲ್ಲಿ ಎಂಟು ಗಂಟೆ. ನನಗೂ ಇದು ಆಗಿದೆ. ಮೂರು ಸಲ ಜ್ವರ ಬಂದ ಮೇಲೆ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ, "ನೀರು ಎಷ್ಟು ಕುಡೀತೀರಮ್ಮ?"

ಹಾಗಾಗಿ ಸೇರುವಾಗಲೇ ಕೇಳಿ, "ಅಮ್ಮ, ಬಾತ್‌ರೂಮ್ ಯಾವುದು ಬಳಸಲಿ?" ಅಂತ. ಬಳಸಬಹುದಾ ಅಂತ ಅಲ್ಲ, ಯಾವುದು ಅಂತ. ಅಪಾರ್ಟ್‌ಮೆಂಟಿನಲ್ಲಿ ಕೆಲಸದವರಿಗೆ ಅಂತ ಕೆಳಗೆ ಇರುವ ಟಾಯ್ಲೆಟ್ ತೆರೆದಿದೆಯಾ, ನೀರು ಬರುತ್ತಾ, ಒಳಗಿನಿಂದ ಚಿಲಕ ಇದೆಯಾ ನೋಡಿಕೊಳ್ಳಿ. ಸರಿಯಿಲ್ಲದಿದ್ದರೆ ನಾಲ್ಕೈದು ಜನ ಸೇರಿ ಅಸೋಸಿಯೇಷನ್ ಆಫೀಸಿಗೆ ಹೋಗಿ ಹೇಳಿ. ಮನೆಯವರಿಗೆ ನಾನು ಕೇಳೋದು ಇಷ್ಟು: ನಿಮ್ಮ ಅಡುಗೆ ಪಾತ್ರೆ ಮುಟ್ಟುವ ಕೈ ಅದು. ಆ ಕೈ ತೊಳೆಯಲು ಸೋಪು, ಆ ಜೀವಕ್ಕೆ ಒಂದು ಬಾತ್‌ರೂಮ್, ಕುಡಿಯಲು ಒಂದು ಲೋಟ ನೀರು. ಲೋಟ ಬೇರೆ ಇಡಬೇಡಿ.

## ಕೈಕೆಲಸ

ಯಾವುದು ಮೊದಲು, ಯಾವುದು ಆಮೇಲೆ? ನಂಗೆ ಕೆಲಸ ಮುಗಿಯೋದೇ ಇಲ್ಲ.

ಮೇಲಿಂದ ಕೆಳಕ್ಕೆ, ಒಣದರಿಂದ ಹಸಿಗೆ, ಶುಚಿಯಿಂದ ಕೊಳಕಿಗೆ. ಆಸ್ಪತ್ರೆಯಲ್ಲಿ ಮೊದಲ ವಾರ ನನಗೆ ಕಲಿಸಿದ್ದು ಇದನ್ನೇ. ಫ್ಯಾನ್, ಜೇಡರ ಬಲೆ ಮೊದಲು, ನೆಲ ಕೊನೆಗೆ. ಮಲಗುವ ಕೋಣೆ ಮೊದಲು, ಬಾತ್‌ರೂಮ್ ಕೊನೆಗೆ. ಮನೆಗೆ ಬಂದ ತಕ್ಷಣ ಮುಸುರೆಗೆ ನೀರು ಬಿಟ್ಟು ನೆನೆಸಿ, ಕಮೋಡಿಗೆ ದ್ರಾವಣ ಹಾಕಿ, ಆಮೇಲೆ ಪೊರಕೆ ಹಿಡಿಯಿರಿ. ನೀವು ಗುಡಿಸುವಷ್ಟರಲ್ಲಿ ಅವೆರಡೂ ತಮ್ಮ ಕೆಲಸ ತಾವೇ ಅರ್ಧ ಮಾಡಿಕೊಂಡಿರುತ್ತವೆ.

ಕೋಣೆಯ ಒಳ ಮೂಲೆಯಿಂದ ಹಿಂದೆ ಸರಿಯುತ್ತಾ ಬಾಗಿಲ ಕಡೆಗೆ ಒರೆಸಿ. ಒರೆಸಿದ್ದನ್ನು ತುಳಿಯಬಾರದು. ಬಕೆಟ್ ಎರಡಿರಲಿ, ಒಂದರಲ್ಲಿ ಹಿಂಡೋದು, ಇನ್ನೊಂದರಲ್ಲಿ ಫಿನಾಯಿಲ್ ನೀರು. ಕಪ್ಪಾದ ನೀರಿನಲ್ಲೇ ಅದ್ದಿ ಒರೆಸಿದರೆ ಕೊಳೆಯನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋದ ಹಾಗೆ. ಅಡುಗೆಮನೆ ಕಟ್ಟೆ, ನೆಲ, ಬಾತ್‌ರೂಮ್, ಮೂರಕ್ಕೂ ಬೇರೆ ಬೇರೆ ಬಣ್ಣದ ಬಟ್ಟೆ ಕೇಳಿ ಇಸ್ಕೊಳ್ಳಿ. ಹಳೇ ಬನಿಯನ್ ಆದರೂ ಸರಿ, ಗುರುತು ಸಿಗುವಂತಿದ್ದರೆ ಸಾಕು.

ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಹಾಕಿದ್ರೆ ಬೇಗ ಬಿಳಿ ಆಗುತ್ತಂತೆ, ಹೌದಾ?

ಬೇಡ. ಯಾವತ್ತೂ ಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಚಿಕ್ಕ ಬಾತ್‌ರೂಮಿನಲ್ಲಿ ಬಾಗಿಲು ಮುಚ್ಚಿಕೊಂಡು ಉಜ್ಜುತ್ತಿದ್ದರೆ ಗಂಟಲು ಕಟ್ಟಿ, ಕಣ್ಣು ಉರಿದು, ಉಸಿರು ನಿಲ್ಲುವ ಹಾಗಾಗುತ್ತದೆ. ಶ್ವಾಸಕೋಶಕ್ಕೇ ಪೆಟ್ಟು. ಟಾಯ್ಲೆಟ್ ಕ್ಲೀನರ್ ಬಾಟಲಿಯಲ್ಲಿ ಇರೋದೂ ಹೆಚ್ಚಾಗಿ ಆಸಿಡ್ಡೇ, ಅದರ ಜೊತೆಗೂ ಬೇಡ. ಇವತ್ತು ಒಂದು ಹಾಕಿದರೆ ಚೆನ್ನಾಗಿ ನೀರು ಹೊಡೆದು ಬಿಡಿ, ಇನ್ನೊಂದು ಬೇರೆ ದಿನ. ತಪ್ಪಿ ಸೇರಿಬಿಟ್ಟರೆ ಅಲ್ಲೇ ನಿಂತು ತೊಳೆಯಲು ಹೋಗಬೇಡಿ, ಹೊರಗೆ ಓಡಿ ಗಾಳಿಗೆ ಬನ್ನಿ. ಮನೆಯವರು "ಎರಡೂ ಹಾಕು" ಅಂದರೂ ಹಾಕಬೇಡಿ. ನನ್ನ ಹೆಸರು ಹೇಳಿ.

ಹಳೇ ಮನೆ ಕೆಂಪು ನೆಲ ಮಂಕಾಗಿದೆ. ಏನು ಹಾಕಿ ಉಜ್ಜಲಿ?

ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಈ ನೆಲ ಇನ್ನೂ ಇದೆ. ಸಿಮೆಂಟಿಗೆ ಕೆಂಪು ಪುಡಿ ಸೇರಿಸಿ, ಕೈಯಲ್ಲೇ ತಿಕ್ಕಿ ತಿಕ್ಕಿ ಹೊಳಪು ತಂದ ನೆಲ ಅದು. ಆಸಿಡ್ ಬಿದ್ದರೆ ಸಿಮೆಂಟನ್ನೇ ತಿನ್ನುತ್ತದೆ, ಕಲೆ ಶಾಶ್ವತ. ಸುಮ್ನೆ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ತೆಳ್ಳಗೆ ಉಜ್ಜಿ. ಎಣ್ಣೆ ಜಾಸ್ತಿಯಾದರೆ ಜಾರುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ಜೋಪಾನ. ಮಾರ್ಬಲ್ಲಿಗೂ ಆಸಿಡ್, ನಿಂಬೆಹಣ್ಣು, ವಿನಿಗರ್ ಮುಟ್ಟಿಸಬೇಡಿ. ಹಿತ್ತಾಳೆ ದೀಪಕ್ಕೆ ಮಾತ್ರ ಹುಣಸೆಹಣ್ಣಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ತಿಕ್ಕಿದ ಮೇಲೆ ಹಸಿ ಬಿಡದೆ ಒಣಬಟ್ಟೆಯಲ್ಲಿ ಒರೆಸಿ.

ಕೈ ಬಿರುಕು ಬಿಟ್ಟಿದೆ. ಗ್ಲೌಸ್ ಹಾಕಿದ್ರೆ ಪಾತ್ರೆ ಜಾರುತ್ತೆ.

ಬಾತ್‌ರೂಮಿಗಾದರೂ ಗ್ಲೌಸ್ ಹಾಕಿ, ಅದನ್ನು ಮನೆಯವರೇ ತಂದುಕೊಡಬೇಕು. ಪಾತ್ರೆಗೆ ಸ್ಟೀಲ್ ನಾರು ಕಡಿಮೆ ಮಾಡಿ, ನೆನೆಸುವುದು ಜಾಸ್ತಿ ಮಾಡಿ. ಪ್ರತಿ ಮನೆ ಮುಗಿದ ಮೇಲೆ ಬೆರಳ ಸಂದಿ ಒರೆಸಿ ಒಣಗಿಸಿ. ರಾತ್ರಿ ಕೊಬ್ಬರಿ ಎಣ್ಣೆ. ಕೀವು ಕಂಡರೆ ಡಾಕ್ಟರ ಹತ್ತಿರ ಹೋಗಿ, ಅರಿಶಿನ ಮೆತ್ತಿಕೊಂಡು ಕೂರಬೇಡಿ.

ಕಸ ಬೇರೆ ಮಾಡೋದು ನಮ್ಮ ಕೆಲಸಾನಾ, ಅವ್ರ ಕೆಲಸಾನಾ?

ಕಸ ಮಾಡಿದವರ ಕೆಲಸ. ಬೆಂಗಳೂರಿನಲ್ಲಿ ಎರಡು ಬುಟ್ಟಿ, ಒಂದು ಚೀಲ ಅನ್ನುವ ಪದ್ಧತಿ ಹೈಕೋರ್ಟ್ ಆದೇಶದ ಮೇಲೆ ಬಂದದ್ದು: ಹಸಿ ಕಸ ಹಸಿರು ಬುಟ್ಟಿಗೆ, ಬಳಸಿದ ಪ್ಯಾಡು, ಡೈಪರ್ ಕೆಂಪು ಬುಟ್ಟಿಗೆ, ಒಣ ಕಸ ಚೀಲಕ್ಕೆ. ಎಲ್ಲವನ್ನೂ ಒಂದೇ ಕವರಿಗೆ ತುಂಬಿಟ್ಟು "ಬೇರೆ ಮಾಡಿ ಕೊಡು" ಅಂದರೆ ಬಿಚ್ಚಿ ಕೈ ಹಾಕಬೇಡಿ. ಒಡೆದ ಗಾಜು, ಬ್ಲೇಡು, ಸಕ್ಕರೆ ಕಾಯಿಲೆಯವರ ಸೂಜಿ ಅದರಲ್ಲೇ ಇರುತ್ತವೆ. ನಮ್ಮ ಹುಡುಗಿಯೊಬ್ಬಳಿಗೆ ಇನ್ಸುಲಿನ್ ಸೂಜಿ ಚುಚ್ಚಿ, ತಿಂಗಳುಗಟ್ಟಲೆ ರಕ್ತ ಪರೀಕ್ಷೆಗೆ ಅಲೆದಳು.

ಕಿಟಕಿ ಗಾಜು ಹೊರಗಡೆಯಿಂದ ಒರೆಸು ಅಂತಾರೆ. ಏಳನೇ ಮಹಡಿ.

ಆಗಲ್ಲ ಅನ್ನಿ. ಕೆಲಸ ಹೋದರೆ ಇನ್ನೊಂದು ಮನೆ ನಾನು ಹುಡುಕಿಕೊಡುತ್ತೇನೆ. ಒಂದು ಸಲ ರಸ್ತೆಯಲ್ಲಿ ನಿಂತು ತಲೆ ಎತ್ತಿದರೆ, ಹೆಂಗಸೊಬ್ಬಳು ಬಾಲ್ಕನಿ ಕಂಬಿಯ ಆಚೆಗೆ ನಿಂತು, ಎಡಗೈಯಲ್ಲಿ ಕಂಬಿ, ಬಲಗೈಯಲ್ಲಿ ಬಟ್ಟೆ ಹಿಡಿದಿದ್ದಳು. ಕೂಗಿದರೆ ಬೆಚ್ಚಿ ಬೀಳುತ್ತಾಳೇನೋ ಅಂತ ಕೂಗಲೂ ಆಗಲಿಲ್ಲ. ಹೊರಗಿನ ಗಾಜಿಗೆ ಹಗ್ಗ, ಬೆಲ್ಟು ಇಟ್ಟುಕೊಂಡು ಅದೇ ಕೆಲಸ ಮಾಡುವವರು ಬೇರೆ ಇದ್ದಾರೆ.

## ಕಷ್ಟ ಬಂದಾಗ

ಚಿನ್ನ ಕಾಣ್ತಿಲ್ಲ. ಅವಳ ಮೇಲೇ ಅನುಮಾನ. ಬ್ಯಾಗ್ ತೆಗೆದು ನೋಡಬಹುದಾ?

ಮೊದಲು ಮನೆಯನ್ನು ನೋಡಿ. ನನ್ನ ಮೇಲೂ ಒಂದು ಮನೆಯಲ್ಲಿ ಓಲೆ ಕದ್ದೆ ಅಂದರು. ಎಲ್ಲರ ಎದುರಿಗೆ ನನ್ನ ಊಟದ ಡಬ್ಬಿ ಬಿಚ್ಚಿಸಿ ನೋಡಿದರು. ಮೂರನೇ ದಿನ ಓಲೆ ವಾಷಿಂಗ್ ಮಷಿನ್ ಬಾಗಿಲಿನ ರಬ್ಬರ್ ಸಂದಿಯಲ್ಲಿ ಸಿಕ್ಕಿತು. "ಸಿಕ್ತು, ನಾಳೆಯಿಂದ ಬಾ" ಅಂತ ಫೋನ್ ಮಾಡಿದರು. ನಾನು ಹೋಗಲಿಲ್ಲ.

ನಿಜಕ್ಕೂ ಅನುಮಾನವಿದ್ದರೆ ದೂರು ಕೊಡಿ, ವಿಚಾರಣೆ ಪೊಲೀಸರ ಕೆಲಸ. ಮೈ ತಡಕೋದು, ಕೂಡಿಹಾಕೋದು, ಹೊಡೆಯೋದು ಅಪರಾಧ. ಕೆಲಸ ಮಾಡುವವರೂ ತಿಳಿದುಕೊಳ್ಳಿ. ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸೇ, ಮರ್ಯಾದೆಯಿಂದ ಮಾಡಬೇಕು. ತೀರಾ ವಿಶೇಷ ಸಂದರ್ಭ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸನ್ನು ಬಂಧಿಸುವಂತಿಲ್ಲ. ವಕೀಲರಿಗೆ ದುಡ್ಡಿಲ್ಲ ಅಂತ ಹೆದರಬೇಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ.

ಮನೆ ಯಜಮಾನ ಕೆಟ್ಟದಾಗಿ ನಡ್ಕೊಂಡ್ರೆ ಯಾರಿಗೆ ಹೇಳ್ಲಿ? ಅಲ್ಲಿ ಆಫೀಸು, ಕಮಿಟಿ ಏನೂ ಇರಲ್ವಲ್ಲ.

ಕಮಿಟಿ ಇದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಮನೆಯೂ ಕೆಲಸದ ಜಾಗವೇ. ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು. ಮೂರು ತಿಂಗಳೊಳಗೆ ಅಲ್ಲಿ ದೂರು ಕೊಡಬಹುದು, ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಅವರು ಏಳು ದಿನದೊಳಗೆ ಪೊಲೀಸರಿಗೆ ಕಳಿಸಬೇಕು. ನೇರ ಠಾಣೆಗೂ ಹೋಗಬಹುದು. ಆ ಕ್ಷಣಕ್ಕೆ ಅಪಾಯವಿದ್ದರೆ 112, ಸಲಹೆ ಬೇಕಿದ್ದರೆ 181. ಯಾವ ದಿನ, ಎಷ್ಟು ಹೊತ್ತಿಗೆ, ಏನಾಯಿತು ಅಂತ ಅವತ್ತೇ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ. ಬೆಂಗಳೂರಿನಲ್ಲಿ ಮನೆಗೆಲಸದವರ ಯೂನಿಯನ್‌ಗಳಿವೆ, ಜೊತೆಗೆ ಬರುತ್ತಾರೆ.

ಊರಿಂದ ನೆಂಟರ ಹುಡುಗಿ, 13 ವರ್ಷ. ಮಗು ನೋಡ್ಕೊಳ್ಳೋಕೆ ಇಟ್ಕೋಬಹುದಾ? ಓದಿಸ್ತೀವಿ.

ಇಲ್ಲ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳೋದು ಅಪರಾಧ. ಓದಿಸುವ ಮನಸ್ಸಿದ್ದರೆ ಅವಳ ಊರಲ್ಲೇ ಓದಿಸಿ. ಪಕ್ಕದ ಮನೆಯಲ್ಲಿ ಇಂಥ ಮಗು ಕಂಡರೆ 1098ಕ್ಕೆ ಹೇಳಿ.

ಕಾರ್ಡು ಮಾಡಿಸಿ ಅಂತಾರೆ. ಮಾಡಿಸಿದ್ರೆ ಏನು ಸಿಗುತ್ತೆ?

ಅಸಂಘಟಿತ ಕಾರ್ಮಿಕರ ಹೆಸರು ನೋಂದಾಯಿಸಿಕೊಳ್ಳುವ ಕೇಂದ್ರ ಸರ್ಕಾರದ ಇ-ಶ್ರಮ್ ಕಾರ್ಡ್ 2021ರಲ್ಲಿ ಶುರುವಾಯಿತು. 16ರಿಂದ 59 ವರ್ಷದವರು ಆಧಾರ್ ತೋರಿಸಿ ದುಡ್ಡಿಲ್ಲದೆ ಮಾಡಿಸಬಹುದು. ಪಿಎಫ್ (ಭವಿಷ್ಯ ನಿಧಿ), ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ) ಇರುವವರಿಗೆ ಇದು ಬರೋದಿಲ್ಲ. ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರು, ಟೈಲರ್‌ಗಳ ಜೊತೆ ಮನೆಗೆಲಸದವರೂ ಇದ್ದಾರೆ, ಅದನ್ನೂ ಕಾರ್ಮಿಕ ಇಲಾಖೆಯಲ್ಲಿ ಕೇಳಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟುವ ಸುರಕ್ಷಾ ಬಿಮಾ ಮಾಡಿಸಿಬಿಡಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಆ 20 ರೂಪಾಯಿಯನ್ನು ಮನೆಯವರೇ ಕಟ್ಟಿದರೂ ಅವರಿಗೇನೂ ಭಾರವಾಗದು.

## ಅಪಾರ್ಟ್‌ಮೆಂಟು, ಏಜೆನ್ಸಿ, ಹೋಟೆಲ್

ಏಜೆನ್ಸಿ ಕಡೆಯಿಂದ ಹೌಸ್‌ಕೀಪಿಂಗ್ ಸೇರಿದೆ. ಸಂಬಳದಲ್ಲಿ ಹಿಡೀತಾರೆ, ಎಲ್ಲಿಗೆ ಹೋಗುತ್ತೆ ಆ ದುಡ್ಡು?

ಸಾಮಾನ್ಯವಾಗಿ ಎರಡು ಕಡಿತ ಇರುತ್ತದೆ. ಪಿಎಫ್‌ಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ 12%. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದರೆ ಇಎಸ್ಐಗೆ 0.75%. ಇಎಸ್ಐಗೆ ಏಜೆನ್ಸಿ ತನ್ನ ಕೈಯಿಂದ 3.25% ಸೇರಿಸಬೇಕು. ಆ ಕಾರ್ಡಿದ್ದರೆ ಇಡೀ ಸಂಸಾರಕ್ಕೆ ಇಎಸ್ಐ ಆಸ್ಪತ್ರೆಯಲ್ಲಿ ಚಿಕಿತ್ಸೆ. ಹಿಡಿಯುತ್ತಿದ್ದಾರೆ ಅಂದ ಮಾತ್ರಕ್ಕೆ ಕಟ್ಟುತ್ತಿದ್ದಾರೆ ಅಂತಲ್ಲ. ಪಿಎಫ್ ಖಾತೆಯ ಯುಎಎನ್ ನಂಬರ್ ಕೇಳಿ ಇಸ್ಕೊಂಡು, ಪಾಸ್‌ಬುಕ್‌ನಲ್ಲಿ ದುಡ್ಡು ಬಿದ್ದಿದೆಯಾ ಅಂತ ಮೂರು ತಿಂಗಳಿಗೊಮ್ಮೆ ನೋಡಿ. ಮಕ್ಕಳಿಗೆ ಹೇಳಿದರೆ ಫೋನಿನಲ್ಲೇ ತೆಗೆದು ತೋರಿಸುತ್ತಾರೆ.

ಗೇಟ್ ಆ್ಯಪ್‌ನಲ್ಲಿ ಕೆಲಸದವ್ರಿಗೆ ಸ್ಟಾರ್ ಕೊಡು ಅಂತ ಬರುತ್ತೆ. ಎಷ್ಟು ಕೊಡ್ಲಿ?

ಯಾರು ಬಂದರು, ಯಾರು ಹೋದರು ಅಂತ ಗೇಟಿನಲ್ಲಿ ಲೆಕ್ಕ ಇಡುವ ಆ್ಯಪ್ ಇದು. ಕೋಪದಲ್ಲಿರುವಾಗ ಸ್ಟಾರ್ ಕೊಡಬೇಡಿ. ನೀವು ಒತ್ತಿದ ಒಂದು ಸ್ಟಾರು ಇಡೀ ಅಪಾರ್ಟ್‌ಮೆಂಟಿಗೆ ಕಾಣುತ್ತದೆ, ಆಕೆಗೆ ಮಾತ್ರ ಕಾಣೋದಿಲ್ಲ. ಯಾಕೆ ಹೊಸ ಮನೆ ಸಿಗುತ್ತಿಲ್ಲ ಅಂತ ತಿಳಿಯದೆ ಗೇಟಿನಿಂದ ವಾಪಸ್ ಹೋಗುತ್ತಿರುತ್ತಾಳೆ. ತಪ್ಪಿದ್ದರೆ ಮುಖ ನೋಡಿ ಹೇಳಿ.

ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಕಟ್ಟಿಕೊಂಡಿದೆ. ಹೌಸ್‌ಕೀಪಿಂಗ್ ಹುಡುಗರನ್ನ ಇಳಿಸಬಹುದಾ? ಐದೇ ನಿಮಿಷದ ಕೆಲಸ.

ಇಳಿಸಬಾರದು. ಐದು ನಿಮಿಷಕ್ಕೂ ಬೇಡ, ಜಾಸ್ತಿ ದುಡ್ಡು ಕೊಟ್ಟೂ ಬೇಡ, ಅವರೇ ಒಪ್ಪಿದರೂ ಬೇಡ. ಆ ಗುಂಡಿಯ ಗಾಳಿ ಕಣ್ಣಿಗೆ ಕಾಣದು. ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಬಹುದು. ಒಬ್ಬ ಬಿದ್ದ ಅಂತ ಎತ್ತಲು ಹೋದ ಇನ್ನೊಬ್ಬನೂ ಅಲ್ಲೇ ಸಾಯುತ್ತಾನೆ. ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸೋದನ್ನು 2013ರ ಮಲ ಹೊರುವ ಪದ್ಧತಿ ತಡೆ ಕಾಯ್ದೆ ನಿಷೇಧಿಸಿದೆ, ಇಳಿಸಿದವರಿಗೆ ಜೈಲು. ಯಂತ್ರ ಇರುವವರನ್ನು ಕರೆಸಿ. ನಿಮ್ಮ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದು, ಎಸ್‌ಟಿಪಿ ಬಾಗಿಲಿಗೆ ಕನ್ನಡದಲ್ಲಿ, ಹಿಂದಿಯಲ್ಲಿ, ಕೆಲಸದವರು ಓದುವ ಭಾಷೆಯಲ್ಲಿ ಅಂಟಿಸಿ.

ಮಗಳು ಹೋಟೆಲ್ ಹೌಸ್‌ಕೀಪಿಂಗ್ ಓದ್ತೀನಿ ಅಂತಾಳೆ. ನಾನು ಮಾಡಿದ್ದನ್ನೇ ಅವಳೂ ಮಾಡ್ಬೇಕಾ ಅಕ್ಕ?

ಕೇಳಿದವರು ಹದಿನಾರು ವರ್ಷ ಮನೆಗೆಲಸ ಮಾಡಿದವರು. ಅವರ ಸಂಕಟ ನನಗೆ ಅರ್ಥವಾಯಿತು.

ಪೊರಕೆ ಅದೇ, ದಾರಿ ಬೇರೆ. ದ್ವಿತೀಯ ಪಿಯುಸಿ ಮುಗಿಸಿದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಬಹುದು. ಶೇಷಾದ್ರಿ ರಸ್ತೆಯ ಎಸ್.ಜೆ. ಪಾಲಿಟೆಕ್ನಿಕ್ ಆವರಣದಲ್ಲಿ ಸರ್ಕಾರಿ ಸಂಸ್ಥೆಯೇ ಇದೆ. ಅಡುಗೆ, ಸರ್ವಿಸ್, ಫ್ರಂಟ್ ಆಫೀಸ್ ಹಾಗೆಯೇ ಹೌಸ್‌ಕೀಪಿಂಗ್ ಅಲ್ಲಿ ಒಂದು ಪಾಠ. ರೂಮ್ ಅಟೆಂಡೆಂಟ್ ಆಗಿ ಶುರುಮಾಡಿದರೆ ದಿನಕ್ಕೆ ಹದಿನಾಲ್ಕು ಹದಿನೈದು ರೂಮು, ಸೊಂಟ ನೋಯುವ ಕೆಲಸವೇ. ಅಲ್ಲಿಂದ ಸೂಪರ್‌ವೈಸರ್, ಕೊನೆಗೆ ಇಡೀ ಹೋಟೆಲಿನ ಹೌಸ್‌ಕೀಪಿಂಗ್ ನೋಡಿಕೊಳ್ಳುವ ಎಕ್ಸಿಕ್ಯೂಟಿವ್ ಹೌಸ್‌ಕೀಪರ್.

ಆಕೆಗೆ ನಾನು ಹೇಳಿದೆ, ಮಗಳನ್ನು ಒಂದು ಭಾನುವಾರ ಕರೆದುಕೊಂಡು ಬನ್ನಿ ಅಂತ. ಬಂದಳು. ಹಾಸಿಗೆಯ ಮೇಲೆ ಹೊದಿಕೆ ಹಾಸಿ ಮೂಲೆ ಮಡಚೋದು ತೋರಿಸಿದೆ. ಎರಡನೇ ಸಲಕ್ಕೇ ಸುಕ್ಕಿಲ್ಲದೆ ಮಡಚಿದಳು. ಎಲ್ಲಿ ಕಲಿತೆ ಅಂದರೆ, "ಅಮ್ಮ ಮನೇಲಿ ಹೀಗೇ ಹಾಸೋದು" ಅಂದಳು. ಅವರಮ್ಮ ಬಾಗಿಲ ಹತ್ತಿರ ನಿಂತಿದ್ದರು.